ಆತ್ ಬಿಡ್ರಿ

ಮೈಲವ್ವ ಬೇಡವೆಂದಳು ಎಂದು ಕಾಗದದಲ್ಲಿ ಬರೆದಿತ್ತು. ಮೈಲವ್ವ ಬೇಡವೆಂದಿರಲಿಲ್ಲ.

ಹಾಗೆ ಬರೆದದ್ದು ಅವಳಿಗೆ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಗೊತ್ತಾದದ್ದು ರಾಣೆಬೆನ್ನೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಹತ್ತು ಹನ್ನೆರಡು ತಾಯಂದಿರ ಎದುರಿಗೆ. ಮಗಳು ಸುಶ್ಮಿತಾ ಮೂಗಿನಲ್ಲಿ ಪೈಪು ಹಾಕಿಸಿಕೊಂಡು ಮಲಗಿದ್ದಳು. ಏಳು ವರ್ಷದ ಹುಡುಗಿ, ಒಂಬತ್ತು ಕಿಲೋ ತೂಕ. ಹುಟ್ಟುವಾಗಲೇ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾಗಿತ್ತು. ಕತ್ತು ನಿಲ್ಲುವುದಿಲ್ಲ, ಮಾತಿಲ್ಲ, ದಿನಕ್ಕೆ ಎರಡು ಮೂರು ಸಲ ಫಿಟ್ಸು. ನುಂಗುವುದೂ ಸರಿಯಾಗಿ ಬರುವುದಿಲ್ಲ. ಡಾಕ್ಟರ್ ವಿಜಯಮಹಾಂತೇಶ ರೌಂಡಿಗೆ ಬಂದರು. ಫೈಲು ತೆರೆದರು, ಹಾಳೆ ತಿರುವಿದರು, ತಲೆ ಎತ್ತದೆ ಮಾತಾಡಿದರು.

"ಹೊಟ್ಟಿಗೆ ಪೈಪ ಹಾಕತೇವಿ ಅಂತ ಆವಾಗ ಹೇಳಿದ್ವಿ. ಬ್ಯಾಡ ಅಂದಿ. ಈಗ ನೋಡು, ಗಂಜಿ ಎಲ್ಲಾ ಎದೀಗೆ ಇಳದೈತಿ. ನ್ಯುಮೋನಿಯಾ. ಮಾಡೂದೆಲ್ಲಾ ಮಾಡಿ ಈಗ ಅತ್ತರ ಏನ ಬರತೈತಿ?"

ಮೈಲವ್ವ ಅಳುತ್ತಿರಲಿಲ್ಲ. ಅವಳ ಕಣ್ಣು ಯಾವಾಗಲೂ ಕೆಂಪು. ಬ್ಯಾಡಗಿಯ ಗೋದಾಮಿನಲ್ಲಿ ಹನ್ನೊಂದು ವರ್ಷ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವರ ಕಣ್ಣು ಹಾಗೇ ಇರುತ್ತದೆ.

"ನಾ ಬ್ಯಾಡ ಅಂದಿದ್ದಿಲ್ರಿ ಸರ."

"ಮತ್ತ ಇದೇನು?"

ಡಾಕ್ಟರು ಹಾಳೆಯನ್ನು ಅವಳ ಮುಖಕ್ಕೆ ಹಿಡಿದರು. ಅಕ್ಷರ ಬಾರದವಳಿಗೆ ಅಕ್ಷರ ತೋರಿಸುವುದು ಎಂಥ ಶೂರತನ! ಆದರೆ ಹಾಳೆಯ ಕೆಳಗಿದ್ದ ನೀಲಿ ಹೆಬ್ಬೆಟ್ಟು ಅವಳಿಗೆ ಗುರುತು ಸಿಕ್ಕಿತು. ಗೆರೆಯಿಲ್ಲದ ಬರೀ ನೀಲಿ ಮುದ್ದೆ. ಖಾರ ತಿಂದು ತಿಂದು ನುಣ್ಣಗಾದ ಬೆರಳು ಅವಳದೇ. ಪಕ್ಕದ ಮಂಚದ ಮಹಮೂದಾಬೇಗಂ ತನ್ನ ಮಗನ ಬೆನ್ನು ತಟ್ಟುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ವಾರ್ಡಿನ ತುಂಬ ತಾಯಂದಿರ ಕಣ್ಣು ಮೈಲವ್ವನ ಮೇಲಿತ್ತು. ಸ್ವಂತ ಮಗಳಿಗೆ ಬಂದ ಔಷಧಿ ಬೇಡವೆಂದವಳು ಇವಳೇ ಎಂಬ ನೋಟ ಅದು.

ಎಲ್ಲ ಶುರುವಾದದ್ದು ಅವಳ ಕೈಯಿಂದ. ಮೊದಲು ಆ ಕೈಯ ಮಾತು ಹೇಳಬೇಕು.

ಬೆಳಿಗ್ಗೆ ಎಂಟಕ್ಕೆ ಗೋದಾಮಿನ ಬಾಗಿಲು ತೆರೆಯುತ್ತದೆ. ಕೆಂಪು ರಾಶಿಯ ಸುತ್ತ ನಲವತ್ತು ಹೆಂಗಸರು ಕಾಲು ಮಡಚಿ ಕೂರುತ್ತಾರೆ. ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿಯಬೇಕು. ಕಾಯಿ ಒಡೆಯಬಾರದು, ಬೀಜ ಉದುರಬಾರದು. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡರೂ ಘಾಟು ಗಂಟಲಿಗೆ ಇಳಿಯುತ್ತದೆ. ಬೆವರು ಬಂದರೆ ಒರೆಸುವಂತಿಲ್ಲ, ಒರೆಸಿದ ಜಾಗ ಉರಿಯುತ್ತದೆ. ಮುಟ್ಟಾದ ದಿನಗಳಲ್ಲಿ ಪಾಯಖಾನೆಗೆ ಹೋಗಿಬಂದ ಹೆಂಗಸರು ಗೋಡೆ ಹಿಡಿದು ನಿಲ್ಲುತ್ತಾರೆ. ಯಾಕೆಂದು ಗಂಡಸರಿಗೆ ಹೇಳುವುದಿಲ್ಲ.

ಸಂಜೆ ಮನೆಗೆ ಬಂದರೆ ಮೈಲವ್ವ ಮಗಳನ್ನು ಮುಟ್ಟುವಂತಿಲ್ಲ. ಮೊದಲು ಹುಳಿ ಮಜ್ಜಿಗೆಯಲ್ಲಿ ಕೈ ತೊಳೆಯಬೇಕು. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಕು, ಮತ್ತೆ ಸೋಪು. ಅಷ್ಟಾದರೂ ಉಗುರಿನ ಸಂದಿಯ ಖಾರ ಹೋಗುವುದಿಲ್ಲ. ಒಂದು ಸಲ ಮರೆತು ಮಗಳ ತುಟಿಗೆ ಅಂಟಿದ ಗಂಜಿಯನ್ನು ಬೆರಳಿನಿಂದ ಒರೆಸಿದ್ದಳು. ಹುಡುಗಿಗೆ ಕೂಗಲು ಬರುವುದಿಲ್ಲ. ಬಾಯಿ ತೆರೆದು, ಮೈ ಬಿಲ್ಲಾಗಿ ಬಗ್ಗಿ, ಧ್ವನಿಯಿಲ್ಲದೆ ನೀಲಿಯಾಯಿತು. ಅವತ್ತಿನಿಂದ ಮೈಲವ್ವ ಎಡಗೈಗೆ ಹಳೇ ಧೋತರದ ತುಂಡು ಸುತ್ತಿಕೊಂಡು, ಬಲಗೈಯಲ್ಲಿ ಚಮಚ ಹಿಡಿದು ಉಣಿಸುತ್ತಾಳೆ. ಹಡೆದ ಮಗಳ ಕೆನ್ನೆಯನ್ನು ಬರಿಗೈಯಿಂದ ಮುಟ್ಟಿದ್ದು ಯಾವಾಗೆಂದು ಅವಳಿಗೆ ನೆನಪಿಲ್ಲ.

ಒಂದು ಬಟ್ಟಲು ತಿಳಿಗಂಜಿ ಕುಡಿಸಲು ಒಂದೂವರೆ ತಾಸು. ಹುಡುಗಿಯನ್ನು ತೊಡೆಯ ಮೇಲೆ ಅರ್ಧ ಕೂರಿಸಿ, ಕತ್ತು ತೋಳಿನಲ್ಲಿ ಹಿಡಿದು, ಅರ್ಧ ಚಮಚ ಹಾಕಿ, ಗಂಟಲ ಸವರಿ, ನುಂಗುವವರೆಗೆ ಕಾಯಬೇಕು. ಅರ್ಧ ಹೊರಗೆ ಬರುತ್ತದೆ, ಕಾಲು ಭಾಗ ಉಸಿರಿನ ದಾರಿಗೆ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿಬಂದು ಒಂದು ಸಲ, ಸಂಜೆ ಒಂದು ಸಲ. ನಡುವೆ ಅತ್ತೆ ನೋಡಿಕೊಳ್ಳುತ್ತಾಳೆ, ಆದರೆ ಉಣಿಸಲು ಅತ್ತೆಗೆ ಕೈ ನಡುಗುತ್ತದೆ. ಮಧ್ಯಾಹ್ನದ ಬಿಡುವು ಮಗಳಿಗೇ ಹೋಗುವುದರಿಂದ ಮೈಲವ್ವ ತಾನು ಉಣ್ಣುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಹೀಗಿರುವಾಗ, ನಾಲ್ಕು ತಿಂಗಳ ಹಿಂದೆ ಮಗಳನ್ನು ಇದೇ ಆಸ್ಪತ್ರೆಗೆ ತೋರಿಸಲು ತಂದಾಗ, ಹೊಟ್ಟೆಗೇ ಪೈಪು ಹಾಕಬಹುದೆಂದು ಡಾಕ್ಟರು ಹೇಳಿದರು. ಮರುದಿನ ಎದುರಿನ ಕೋಣೆಗೆ ಬಾ, ಅಲ್ಲಿ ತಿಳಿಸಿ ಹೇಳುತ್ತಾರೆ ಎಂದರು.

ಆ ಕೋಣೆಯ ಗೋಡೆಗೆ ಒಂದು ಬಣ್ಣದ ಚಿತ್ರ ಹಚ್ಚಿತ್ತು. ನಗುವ ಅಪ್ಪ, ನಗುವ ಅವ್ವ, ನಗುವ ಕೂಸು. ಕೆಳಗೆ "ನಿಮ್ಮ ಮಗು, ನಿಮ್ಮ ನಿರ್ಧಾರ" ಎಂದು ಬರೆದಿದೆಯೆಂದು ಸಾಲಿನಲ್ಲಿದ್ದ ಯಾರೋ ಓದಿ ಹೇಳಿದರು. ಮೈಲವ್ವನಿಗಿಂತ ಮುಂದೆ ಒಬ್ಬ ದಲಾಲರ ಮನೆಯ ಹೆಣ್ಣುಮಗಳು ಒಳಗೆ ಹೋದಳು. ಅವಳ ಮಗುವಿಗೂ ಇದೇ ತೊಂದರೆ. ಅರ್ಧ ತಾಸು ಒಳಗಿದ್ದಳು. ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಅವಳಿಗೆ ಕುರ್ಚಿ, ಕುಡಿಯಲು ನೀರು. ಮೇಜಿನ ಮೇಲೆ ಹೊಟ್ಟೆಗೆ ತೂತಿರುವ ರಬ್ಬರ್ ಗೊಂಬೆ. ಸಮಾಲೋಚಕಿ ಸುಧಾರಾಣಿ ಮೇಡಂ ಗೊಂಬೆಯ ಹೊಟ್ಟೆಗೆ ಪೈಪು ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿ ತೋರಿಸಿದರು. ಮೈಸೂರಿನ ಕಡೆಯವರು. ಮಾತು ಮೆತ್ತಗೆ, "ನಿಧಾನವಾಗಿ ಯೋಚಿಸಿ, ಮನೆಯವರನ್ನೆಲ್ಲ ಕೇಳಿ" ಎನ್ನುತ್ತಿದ್ದರು.

ಮೈಲವ್ವ ಒಳಗೆ ಕಾಲಿಟ್ಟಳು. ಮೇಡಂ ಸೀನಿದರು. ಒಂದಲ್ಲ, ನಾಲ್ಕು ಸಲ. ಮೈಲವ್ವ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಗೋದಾಮಿನಲ್ಲಿ ಅರ್ಧ ದಿನದ ಕೆಲಸ ಮುಗಿಸಿ, ಸೀರೆ ಬದಲಿಸಲೂ ಹೊತ್ತಿಲ್ಲದೆ ಬಸ್ಸು ಹತ್ತಿ ಬಂದಿದ್ದಳು.

"ಅಯ್ಯೋ, ಏನಮ್ಮ ಇದು ಘಾಟು! ಅಲ್ಲೇ ನಿಂತ್ಕೊ. ಬಾಗಿಲ ಹತ್ರಾನೇ ಇರು."

ಅವಳು ಬಾಗಿಲ ಹತ್ತಿರವೇ ನಿಂತಳು. ಮೇಡಂ ಮೂಗಿಗೆ ಕರವಸ್ತ್ರ ಹಿಡಿದು ಓದತೊಡಗಿದರು. ಗ್ಯಾಸ್ಟ್ರೋಸ್ಟಮಿ. ಅರಿವಳಿಕೆ. ಸೋಂಕಿನ ಸಾಧ್ಯತೆ. ಕಾರಿಡಾರಿನಲ್ಲಿ ಯಾರದೋ ಮಗು ಅಳುತ್ತಿತ್ತು. ಕರವಸ್ತ್ರದೊಳಗಿನ ಮಾತು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ರಬ್ಬರ್ ಗೊಂಬೆ ಮೇಜಿನ ಮೇಲೆ ಮಲಗಿಯೇ ಇತ್ತು, ಅದನ್ನು ಯಾರೂ ಎತ್ತಲಿಲ್ಲ. ಮೈಲವ್ವ ಒಂದೇ ಒಂದು ಪ್ರಶ್ನೆ ಕೇಳಿದಳು.

"ಬಾಯಿಲೆ ಮುಂದ ಏನೂ ಕೊಡೂದ ಇಲ್ಲೇನ್ರಿ? ರುಚಿ ಅಂತ ಒಂದೀಟು ಬೆಲ್ಲದ ನೀರು?"

"ಅದೆಲ್ಲ ಆಮೇಲೆ. ಈಗ ಆಪರೇಷನ್ ಮಾಡಿಸ್ತೀಯಾ, ಏನು ಅಂತ ಹೇಳು. ಹೊರಗೆ ಜನ ಕಾಯ್ತಿದ್ದಾರೆ."

ಮೈಲವ್ವ ಮಗಳನ್ನು ನೆನೆದಳು. ಒಂದೂವರೆ ತಾಸಿನ ಗಂಜಿಯನ್ನು ನೆನೆದಳು. ಬಟ್ಟೆ ಸುತ್ತಿದ ಎಡಗೈಯನ್ನು ನೆನೆದಳು. ಹೌದೆಂದು ತಲೆಯಾಡಿಸಿದಳು.

"ಆತ್ ಬಿಡ್ರಿ," ಎಂದಳು.

ಈ ಕಡೆ ಮದುವೆ ಮಾತಿನಲ್ಲಿ ಹೆಣ್ಣಿನ ಅಪ್ಪ ಇದೇ ಮಾತು ಹೇಳಿದರೆ ಸಕ್ಕರೆ ಹಂಚುತ್ತಾರೆ. ಹಾವೇರಿ ಬಸ್ಸಿನ ಕಂಡಕ್ಟರ್ ಹೇಳಿದರೆ ಸೀಟು ಸಿಕ್ಕಿತೆಂದು ಅರ್ಥ. ಒಪ್ಪಿದೆ, ನಡೆಯಲಿ, ಇನ್ನು ಚಿಂತೆ ಬಿಡಿ ಎಂಬ ಮಾತು ಅದು. ಸುಧಾರಾಣಿ ಮೇಡಂ ಕಿವಿಗೆ ಬಿದ್ದದ್ದು "ಬಿಡಿ" ಎಂಬುದೊಂದೇ. ಅಷ್ಟು ದೂರ ನಿಲ್ಲಿಸಿದವಳು ತಲೆಯಾಡಿಸಿದ್ದು ಕಾಣಲಿಲ್ಲ. ಏನೆಂದೆ ಎಂದು ಇನ್ನೊಮ್ಮೆ ಕೇಳಲೂ ಇಲ್ಲ. ದಲಾಲರ ಮನೆಯವಳಾಗಿದ್ದರೆ ಕೇಳುತ್ತಿದ್ದರು. ಮುದ್ರಿಸಿದ ಹಾಳೆಯ ಒಂದು ಚೌಕದಲ್ಲಿ ಗೀಟು ಎಳೆದು, ಶಾಯಿಯ ಡಬ್ಬಿಯನ್ನು ಮೇಜಿನ ತುದಿಗೆ ತಳ್ಳಿದರು.

ಮೈಲವ್ವ ಹೆಬ್ಬೆಟ್ಟು ಒತ್ತಿ ಹೊರಗೆ ಬಂದಳು. ಅವಳ ಗಂಡ ದುರಗಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲ. ಅವತ್ತು ಸಂಜೆ ಅವನಿಗೆ, ಆಪರೇಷನ್ ಮಾಡ್ತಾರಂತ, ಫೋನ್ ಮಾಡ್ತಾರಂತ ಎಂದಳು. ಫೋನು ಬರಲಿಲ್ಲ. ತಾನೇ ಮಾಡಿಸಿದರೆ "ಹೇಳಿ ಕಳಿಸ್ತೇವಿ" ಎಂದು ಇಟ್ಟುಬಿಡುತ್ತಿದ್ದರು. ಎರಡು ಸಲ ಬಂದು ಕೇಳಿದಳು. ಸರದಿ ಬರಬೇಕು ಎಂದರು. ಫೈಲು ತೆರೆದು ನೋಡುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವಳು ಗಂಜಿ ಕುಡಿಸುತ್ತಲೇ ಇದ್ದಳು, ಮಗಳು ಕರಗುತ್ತಲೇ ಇದ್ದಳು.

ಇದು ಹಿಂದಿನ ಮಾತು. ಈಗ ವಾರ್ಡಿನಲ್ಲಿ ಡಾಕ್ಟರು ಸುಧಾರಾಣಿಯವರನ್ನು ಕರೆಸಿದರು.

"ಇವರೇ ಬಿಡಿ ಅಂದ್ರು ಸರ್," ಎಂದರು ಸುಧಾರಾಣಿ. "ನನಗೆ ಚೆನ್ನಾಗಿ ನೆನಪಿದೆ. 'ಆಯ್ತು ಬಿಡಿ' ಅಂತ ಹೇಳಿ ಹೊರಟೇ ಹೋದ್ರು."

"ಆತ್ ಬಿಡ್ರಿ ಅಂದೆ, ಖರೇ," ಎಂದಳು ಮೈಲವ್ವ. "ಹೂಂ ಅಂದೆ. ಮಾಡ್ರಿ ಅಂದೆ."

"ಹೂಂ ಅನ್ನೋದಿದ್ರೆ ಹೂಂ ಅನ್ಬೇಕಿತ್ತು. ಬಿಡಿ ಅಂದ್ರೆ ಬಿಡಿ ಅಂತಾನೇ ತಾನೇ?"

ಅಷ್ಟರಲ್ಲಿ ಡಾಕ್ಟರ ಜೇಬಿನಲ್ಲಿ ಫೋನು ರಿಂಗಾಯಿತು. ಅವರು ಅರ್ಧ ತಿರುಗಿ ಮಾತಾಡಿದರು. "ಹೂಂ... ಹೂಂ... ಸಂಜೀಗೆ ಬರೂಮುಂದ ತರಬೇಕಾ? ಆತ್ ಬಿಡು." ಫೋನು ಜೇಬಿಗೆ ಹೋಯಿತು.

ಮೈಲವ್ವ ಮಂಚದಿಂದ ಎದ್ದು ನಿಂತಳು.

"ಸರ, ಮನಿಯಾಗಿನ ಅಕ್ಕಾರು ಏನೋ ತರಾಕ ಹೇಳಿದ್ರಲ್ರಿ. ನೀವು ಬ್ಯಾಡ ಅಂದ್ರ್ಯಾ ಈಗ?"

ವಾರ್ಡಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರ ಮುಖ ಕಪ್ಪಿಟ್ಟಿತು. ಅವರು ಇದೇ ಜಿಲ್ಲೆಯ ಹೊಸರಿತ್ತಿಯ ಕಡೆಯ ಮನುಷ್ಯ. ಆ ಮಾತಿನಲ್ಲೇ ಹುಟ್ಟಿ ಬೆಳೆದವರು. ಕಾಗದದಲ್ಲಿದ್ದ "ನಿರಾಕರಿಸಿದ್ದಾರೆ" ಎಂಬ ಶಬ್ದದ ಹಿಂದೆ ಮೈಲವ್ವ ಏನೆಂದಿರಬಹುದೆಂದು ಒಂದು ಸಲ ಕೇಳಿದ್ದರೆ ಅವರಿಗೆ ತಿಳಿಯುತ್ತಿತ್ತು. ಕೇಳಿರಲಿಲ್ಲ. ಅವಳಂಥವರು ಬೇಡವೆನ್ನುತ್ತಾರೆ, ಅವರಿಗೆ ತಿಳಿವಳಿಕೆ ಇಲ್ಲ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದರು. "ಆಮ್ಯಾಲ ನೋಡೋಣ," ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಹನ್ನೆರಡು ದಿನ ಇಂಜೆಕ್ಷನ್ ನಡೆಯಿತು. ಜ್ವರ ಇಳಿಯಿತು, ಕಫ ಪೂರ್ತಿ ಹೋಗಲಿಲ್ಲ. ಹದಿಮೂರನೇ ದಿನ ಬೆಳಿಗ್ಗೆ ಮೈಲವ್ವನನ್ನೂ ದುರಗಪ್ಪನನ್ನೂ ಅದೇ ಕೋಣೆಗೆ ಕರೆದರು. ಡಾಕ್ಟರಿದ್ದರು, ಸುಧಾರಾಣಿ ಇದ್ದರು, ಜೊತೆಗೆ ಆಸ್ಪತ್ರೆಯ ಮ್ಯಾನೇಜರ್ ಪ್ರಭುಲಿಂಗಪ್ಪ. ಮೈಲವ್ವನಿಗೆ ಯಾರೂ ಕುಂದರು ಎನ್ನಲಿಲ್ಲ. ಅವಳೇ ಗೋಡೆಯ ಹತ್ತಿರದ ಕುರ್ಚಿಯನ್ನು ದರದರ ಎಳೆದುಕೊಂಡು ಮೇಜಿನ ಎದುರಿಗೆ ಕೂತಳು.

"ಇವತ್ತ ಕುಂತು ಕೇಳತೇನಿ. ಮೊದಲಿಂದ ಹೇಳ್ರಿ. ಆ ಗೊಂಬೀನೂ ತಗೀರಿ."

ಸುಧಾರಾಣಿ ಡಾಕ್ಟರ ಮುಖ ನೋಡಿದರು. ಡಾಕ್ಟರು ಗೊಂಬೆಯನ್ನು ತಾವೇ ಎತ್ತಿಕೊಂಡರು. ಅವತ್ತು ನಿಜವಾಗಿ ಹೇಳಿದರು. ಎಲ್ಲಿ ಕೊಯ್ಯುತ್ತಾರೆ, ಪೈಪಿನಿಂದ ಏನೇನು ಕೊಡಬಹುದು, ಗಾಯ ಹೇಗೆ ತೊಳೆಯಬೇಕು. ಮೂಗಿನ ಪೈಪು ಬಹಳ ದಿನ ನಡೆಯುವುದಿಲ್ಲ, ಕಿತ್ತುಕೊಂಡರೆ ಮತ್ತೆ ಎದೆಗೆ ಇಳಿಯುತ್ತದೆ. ತುಟಿಗೆ ಬೆಲ್ಲದ ನೀರು ಹನಿ ಮುಟ್ಟಿಸಬಹುದು. ಕೊನೆಗೆ ಗೊಂಬೆಯನ್ನು ಮೇಜಿನ ಮೇಲೆ ಇಟ್ಟು ಹೇಳಿದರು.

"ಆವಾಗ ಹನ್ನೊಂದು ಕಿಲೋ ಇದ್ಲು, ಎದಿ ಸ್ವಚ್ಛ ಇತ್ತು. ಆವಾಗಿನ ಮಾತು ಬ್ಯಾರೆ. ಈಗ ಭಾಳ ನಿತ್ರಾಣ ಆಗ್ಯಾಳ. ಅರಿವಳಿಕಿ ಕೊಟ್ಟು ಮಲಗಿಸಿದ್ರ ಏಳದೇನೂ ಇರಬಹುದು. ಮಾಡದಿದ್ರ ಇನ್ನೊಂದು ನ್ಯುಮೋನಿಯಾ ತಡಕೊಳ್ಳೂದಿಲ್ಲ. ನಾಳೆ ಗುರುವಾರ, ಹುಬ್ಬಳ್ಳಿಯಿಂದ ಸರ್ಜನ್ ಬರತಾರ. ನಿರ್ಧಾರ ನಿನ್ನದು."

ಮೈಲವ್ವ ಕೈ ಚಾಚಿ ಗೊಂಬೆಯ ಹೊಟ್ಟೆಯ ತೂತನ್ನು ಮುಟ್ಟಿ ನೋಡಿದಳು.

"ಕೂಸು ಗಟ್ಟಿ ಇದ್ದಾಗ ನಿರ್ಧಾರ ನೀವ ಮಾಡಿಬಿಟ್ಟಿರಿ. ಈಗ ಕೂಸು ಸಾಯೂ ಹಂಗ ಆದಮ್ಯಾಲ ನಿನ್ನದು ಅಂತ ನನ್ನ ಕೊರಳಿಗೆ ಹಾಕಾಕತ್ತೀರಿ."

ಮ್ಯಾನೇಜರ್ ಪ್ರಭುಲಿಂಗಪ್ಪ ಎರಡು ಹಾಳೆ ಮುಂದಿಟ್ಟ. ಮೊದಲನೆಯದು ಆಪರೇಷನ್ನಿನ ಒಪ್ಪಿಗೆ. ಎರಡನೆಯದೇನು ಎಂದು ಮೈಲವ್ವ ಕೇಳಿದಳು.

"ಏನಿಲ್ಲವಾ, ರೂಲ್ಸು. ಹಿಂದ ಸ್ವಂತ ಇಚ್ಛಾದಿಂದ ಬ್ಯಾಡ ಅಂದಿದ್ದೆ, ತಡ ಆಗಿದ್ದಕ್ಕ ಆಸ್ಪತ್ರಿ ಕಾರಣ ಅಲ್ಲ, ಅಷ್ಟ."

"ಅದು ಸುಳ್ಳು."

"ಅದಿಲ್ಲಂದ್ರ ಲಿಸ್ಟಿನ್ಯಾಗ ಹೆಸರು ಹಾಕಾಕ ಬರೂದಿಲ್ಲ. ಮುಂದಿನ ಗುರುವಾರ ನೋಡೂಣು ಮತ್ತ."

ಮುಂದಿನ ಗುರುವಾರ ಎಂದರೆ ಏನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ಕಿಟಕಿಯ ಕಡೆ ನೋಡಿದರು. ಸುಧಾರಾಣಿ ಶಾಯಿಯ ಡಬ್ಬಿಯ ಮುಚ್ಚಳ ತೆಗೆದರು.

"ನಾ ಒತ್ತೂದಿಲ್ಲ," ಎಂದಳು ಮೈಲವ್ವ. ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಬ್ಯಾಡ ಬಿಡು. ತಂದಿ ಸಹಿ ನಡೀತೈತಿ." ಪ್ರಭುಲಿಂಗಪ್ಪ ಹಾಳೆಯನ್ನು ದುರಗಪ್ಪನ ಕಡೆ ಸರಿಸಿದ. "ನೀ ಸಹಿ ಮಾಡ್ತೀಯಲ್ಲಪಾ? ಶಾಣ್ಯಾ ಇದ್ದಿ. ಕೂಸಿನ ಜೀವದ ಪ್ರಶ್ನಿ ಐತಿ, ಹೆಣ್ಣಮಕ್ಕಳ ಹಟ ನೋಡಕೋತ ಕುಂದರಬ್ಯಾಡ."

ದುರಗಪ್ಪನಿಗೆ ತನ್ನ ಹೆಸರು ಬರೆಯಲು ಬರುತ್ತದೆ, ಬೇರೇನೂ ಬರುವುದಿಲ್ಲ. ಕ್ವಿಂಟಲ್ ಮೂಟೆ ಹೊರುವ ಬೆನ್ನು ಮ್ಯಾನೇಜರನ ಮುಂದೆ ಬಾಗಿತ್ತು. ಪೆನ್ನು ತೆಗೆದುಕೊಂಡ. "ಮಾಡಿಬಿಡೂಣು ಏನು," ಎಂದು ಹೆಂಡತಿಯ ಕಡೆ ನೋಡದೆ ಗೊಣಗಿದ. "ಕಾಗದಾ ಏನ ಮಾಡತೈತಿ. ಕೂಸು ಉಳದ್ರ ಸಾಕು."

ಮದುವೆಯಾಗಿ ಒಂಬತ್ತು ವರ್ಷ. ಮೈಲವ್ವ ಒಂದು ದಿನವೂ ಗಂಡನ ಹೆಸರು ಹಿಡಿದಿರಲಿಲ್ಲ. ಮನೆಯಲ್ಲಿ "ಏನ್ರಿ" ಎನ್ನುತ್ತಿದ್ದಳು. ರೇಷನ್ ಕಾರ್ಡಿನವರು ಗಂಡನ ಹೆಸರೇನು ಎಂದು ಕೇಳಿದರೆ ಪಕ್ಕದಲ್ಲಿ ನಿಂತವಳಿಂದ ಹೇಳಿಸುತ್ತಿದ್ದಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ಕಲಿಸಿದ್ದಳು.

"ದುರಗಪ್ಪ," ಎಂದಳು. "ಪೆನ್ನು ತೆಳಗ ಇಡು."

ಅವನ ಕೈ ಅಲ್ಲೇ ನಿಂತಿತು. ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿ ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಪ್ರಭುಲಿಂಗಪ್ಪನೂ ಹುಬ್ಬೇರಿಸಿದ. ಮೈಲವ್ವ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನಾಳೆ ಅಕಿ ಏಳಲಿಲ್ಲಂದ್ರ ಈ ಕಾಗದ ಏನ ಹೇಳತೈತಿ ಗೊತ್ತೈತೇನು? ಅವ್ವನೇ ಕೊಂದ್ಲು ಅಂತ ಹೇಳತೈತಿ. ಏಳು ವರ್ಷ ಅಕಿ ಬಾಯಾಗ ಚಮಚಲೆ ಜೀವಾ ಹಾಕೇನಿ. ಸಹಿ ಮಾಡಿದ್ರ ಮಾಡು. ಆದ್ರ ಮುಂದ ನನ್ನ ಮಾರಿ ನೋಡಬ್ಯಾಡ."

ದುರಗಪ್ಪ ಪೆನ್ನು ಕೆಳಗಿಟ್ಟ. ಬಂದು ಅವಳ ಕುರ್ಚಿಯ ಹಿಂದೆ ನಿಂತ.

ಬಾಗಿಲು ತೆರೆದೇ ಇತ್ತು. ಕಾರಿಡಾರಿನಲ್ಲಿ ವಾರ್ಡಿನ ಹೆಂಗಸರು ಗುಂಪಾಗಿದ್ದರು. ಎಲ್ಲರಿಗಿಂತ ಮುಂದೆ ಮಹಮೂದಾಬೇಗಂ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಮಹಮೂದಾಬೇಗಂ ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿ ಹಿಡಿದಿದ್ದಳು, ಎರಡನೇ ಹಾಳೆಯ ಮಾತು ಶುರುವಾದಾಗಿನಿಂದ ಅದರಲ್ಲಿ ವಿಡಿಯೋ ನಡೆಯುತ್ತಿತ್ತು.

"ಅದನ್ನ ಬಂದ್ ಮಾಡವಾ!" ಎಂದ ಪ್ರಭುಲಿಂಗಪ್ಪ.

"ಯಾಕ್ರಿ? ರೂಲ್ಸ್ ಅಂದ್ರಲ್ಲ. ನಾವೂ ಒಂದೀಟು ಕಲೀತೇವಿ."

ಡಾಕ್ಟರು ಎರಡನೇ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅವರ ಮನಸ್ಸು ಕರಗಿತೆಂದು ಯಾರೂ ತಿಳಿಯುವುದು ಬೇಡ, ಅವರ ಕಣ್ಣು ಮೊಬೈಲಿನ ಮೇಲಿತ್ತು. ಪ್ರಭುಲಿಂಗಪ್ಪ ಏನೋ ಹೇಳಹೋದ, ಅವರು ಕೈ ತೋರಿಸಿ ಸುಮ್ಮನಾಗಿಸಿದರು.

"ಏನ ಬೇಕು ನಿಮಗ?" ಎಂದು ಕೇಳಿದರು. ಮೊದಲ ಸಲ ನೀವು ಎಂದರು.

"ಬರೀ ಹಾಳಿ ತಗೀರಿ. ನಾ ಹೇಳತೇನಿ, ಈ ಮೇಡಮ್ಮಾರು ಬರೀಲಿ. ನಾ ಅಂದದ್ದ ಬರೀಬೇಕು."

ಸುಧಾರಾಣಿ ಬರೆದರು. ಮೈಲವ್ವ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ನಾಲ್ಕು ತಿಂಗಳ ಹಿಂದೆ ಆಪರೇಷನ್ನಿಗೆ ನಾ ಹೂಂ ಅಂದಿದ್ದೆ. ಆಸ್ಪತ್ರಿಯವರು ಬ್ಯಾಡ ಅಂತ ಬರಕೊಂಡ್ರು. ಅದಕ್ಕ ತಡ ಆಗೇತಿ, ಅದಕ್ಕ ನನ್ನ ಮಗಳು ಸೊರಗ್ಯಾಳ. ಈಗ ಜೀವಾ ಹೋಗೂ ಧೋಕಾ ಐತಿ ಅಂತ ನನಗ ತಿಳಿಸಿ ಹೇಳ್ಯಾರ. ತಿಳದೇತಿ. ತಿಳಕೊಂಡ ಆಪರೇಷನ್ ಮಾಡ್ರಿ ಅಂತ ಹೇಳಾಕತ್ತೇನಿ.

"ಈಗ ಓದ್ರಿ."

ಸುಧಾರಾಣಿ ಓದಿದರು. ನಡುವೆ ಒಂದು ಕಡೆ "ಸಂವಹನದ ಕೊರತೆಯಿಂದಾಗಿ" ಎಂದು ಬಂತು.

"ನಿಂದರ್ರಿ. ಅದೇನದು? ಆ ಶಬ್ದ ನಾ ಅಂದಿಲ್ಲ."

"ಅದು... ಅಂದ್ರೆ, ನಿಮ್ಮ ಮಾತು ನಮಗೆ ಅರ್ಥ ಆಗ್ಲಿಲ್ಲ ಅಂತ."

"ಅರ್ಥ ಆಗಲಿಲ್ಲ ಅಂತಲ್ಲ. ಬಾಗಲದಾಗ ನಿಂದರಿಸಿದ್ರಿ. ಕೇಳಲಿಲ್ಲ. ಅದನ್ನ ಹೊಡದು ಹಾಕ್ರಿ. ಕೇಳಲಿಲ್ಲ ಅಂತ ಬರೀರಿ."

ಪೆನ್ನು ತಡೆಯಿತು. ಮೊಬೈಲು ಇನ್ನೂ ಮೇಲೇ ಇತ್ತು. ಸುಧಾರಾಣಿ ಆ ಎರಡು ಶಬ್ದದ ಮೇಲೆ ಗೀಟು ಎಳೆದು, ಮೇಲೆ ಸಣ್ಣ ಅಕ್ಷರದಲ್ಲಿ ಬರೆದರು. ಮತ್ತೊಮ್ಮೆ ಪೂರ್ತಿ ಓದಿಸಿಕೊಂಡ ಮೇಲೆ ಮೈಲವ್ವ ಕಂಕುಳಿನಿಂದ ಕೈ ತೆಗೆದು ಹೆಬ್ಬೆಟ್ಟು ಒತ್ತಿದಳು. ಡಾಕ್ಟರು ಕೆಳಗೆ ಸಹಿ ಹಾಕಿದರು. ಅದರ ಫೋಟೋ ಮಹಮೂದಾಬೇಗಂಳ ಮೊಬೈಲಿನಲ್ಲಿ ಉಳಿಯಿತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸುಶ್ಮಿತಾಳನ್ನು ಆಪರೇಷನ್ ಥಿಯೇಟರಿಗೆ ಒಯ್ದರು. ಹದಿಮೂರು ದಿನ ಗೋದಾಮಿಗೆ ಹೋಗದ ಕೈ. ಮೈಲವ್ವ ಬಟ್ಟೆ ಸುತ್ತಿಕೊಳ್ಳದೆ ಮಗಳ ಕೆನ್ನೆ ಮುಟ್ಟಿದಳು. ಹುಡುಗಿ ಕಣ್ಣು ಹೊರಳಿಸಿ ನೋಡಿತು. ಬಾಗಿಲು ಹಾಕಿಕೊಂಡಿತು. ಒಳಗೆ ಏನಾಗುವುದೆಂದು ಅವಳಿಗೆ ಗೊತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಗಂಡನ ಪಕ್ಕದಲ್ಲಿ ಕೂತಳು.

ಸುಧಾರಾಣಿ ಮೇಡಂ ಆ ದಾರಿಯಲ್ಲೇ ತಲೆ ತಗ್ಗಿಸಿ ಸರಸರನೆ ಹೋಗುತ್ತಿದ್ದರು. ಮಹಮೂದಾಬೇಗಂ ಅಡ್ಡ ನಿಂತಳು. ಮಗನ ಫೈಲನ್ನು ಅವರ ಎದೆಗೆ ಒತ್ತಿ ಹಿಡಿದಳು. ಅವಳ ಹಿಂದೆ ಇನ್ನೂ ಆರು ಹೆಂಗಸರಿದ್ದರು, ಆರು ಫೈಲುಗಳಿದ್ದವು.

"ಇದರಾಗ ನಾ ಏನಂದೇನಿ ಅಂತ ಬರದೀರಿ? ಓದ್ರಿ."